ಗ್ರೇಟ್‌ಫುಲ್ ಡೆಡ್ ಕೇಳಲು ಕಲಿತದ್ದು: ಒಂದು ಹಾಡು, ಎರಡು ತಾರೀಖು

ಗ್ರೇಟ್‌ಫುಲ್ ಡೆಡ್ ಬ್ಯಾಂಡನ್ನು ಎಲ್ಲಿಂದ ಶುರು ಮಾಡಲಿ ಎಂದು ಯಾರಾದರೂ ವಿಚಾರಿಸಿದರೆ ನಾನು ಆಲ್ಬಮ್ಮಿನ ಹೆಸರು ಹೇಳುವುದಿಲ್ಲ. ಒಂದು ಹಾಡು, ಎರಡು ತಾರೀಖು ಹೇಳುತ್ತೇನೆ. ನಾನು ಇದರೊಳಗೆ ಹೊಕ್ಕಿದ್ದೂ ಹಾಗೆಯೇ.

1965ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಕಟ್ಟಿದ ರಾಕ್ ಬ್ಯಾಂಡು ಇದು. ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ 1995ರಲ್ಲಿ ತೀರಿಕೊಳ್ಳುವವರೆಗೆ ಸುಮಾರು 2,300 ಕಾರ್ಯಕ್ರಮ ಕೊಟ್ಟರು. ಅವರ ನಿಜವಾದ ಕೆಲಸವಿರುವುದು ಆ ವೇದಿಕೆಗಳಲ್ಲೇ. ಕರ್ನಾಟಕ ಸಂಗೀತದ ಕಛೇರಿ ಕೇಳಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಕೃತಿ ಅದೇ ಇದ್ದರೂ ಇವತ್ತಿನ ಮನೋಧರ್ಮ ಹೇಗಿದೆ ಎಂದು ಕೇಳಲು ತಾನೇ ನಾವು ಹೋಗುವುದು?

ಹಾಡು, ‘ಡಾರ್ಕ್ ಸ್ಟಾರ್’. 1968ರಲ್ಲಿ ಸ್ಟುಡಿಯೋದಲ್ಲಿ ಮುದ್ರಿಸಿ ಹೊರತಂದಾಗ ಇದು ಮೂರು ನಿಮಿಷವೂ ಇರಲಿಲ್ಲ. ಮೊದಲು ಅದನ್ನೇ ಕೇಳಿದೆ. ಹಾಡಿನ ಧಾಟಿ ನಾಲಿಗೆಯ ಮೇಲೆ ಕೂತ ಮೇಲೆ 1969ರ ಫೆಬ್ರವರಿ 27ಕ್ಕೆ ಹೋದೆ. ಸ್ಯಾನ್ ಫ್ರಾನ್ಸಿಸ್ಕೋದ ಫಿಲ್‌ಮೋರ್ ವೆಸ್ಟ್‌ನಲ್ಲಿ ಆ ರಾತ್ರಿ ನುಡಿಸಿದ್ದು ‘ಲೈವ್/ಡೆಡ್’ ಆಲ್ಬಮ್ಮಿನಲ್ಲಿದೆ, ಇಪ್ಪತ್ತಮೂರು ನಿಮಿಷ. ಆಮೇಲೆ 1972ರ ಆಗಸ್ಟ್ 27, ಆರೆಗನ್ನಿನ ವೆನೆಟಾ. ಆ ಭಾಗದ, ಕಷ್ಟದಲ್ಲಿದ್ದ ಡೈರಿಯೊಂದಕ್ಕೆ ಹಣ ಕೂಡಿಸಲು ಬಯಲಿನಲ್ಲಿ ಇಟ್ಟುಕೊಂಡಿದ್ದ ಕಾರ್ಯಕ್ರಮ ಅದು. ಬಿಸಿಲು ಎಷ್ಟಿತ್ತೆಂದರೆ ಗಿಟಾರ್‌ಗಳ ಶ್ರುತಿ ನಿಲ್ಲುತ್ತಿರಲಿಲ್ಲ. ಅಲ್ಲಿ ಇದೇ ಹಾಡು ಅರ್ಧ ಗಂಟೆ ದಾಟುತ್ತದೆ.

ಎರಡನ್ನೂ ಒಂದರ ಪಕ್ಕ ಒಂದಿಟ್ಟು ಕೇಳಿದಾಗ ನನಗೆ ಬಾಗಿಲು ತೆರೆಯಿತು. 1969ರಲ್ಲಿ ಡ್ರಮ್ಸ್‌ಗೆ ಇಬ್ಬರು: ಬಿಲ್ ಕ್ರುಟ್ಜ್‌ಮನ್, ಮಿಕ್ಕಿ ಹಾರ್ಟ್. 1972ಕ್ಕೆ ಹಾರ್ಟ್ ಬ್ಯಾಂಡಿನಲ್ಲಿಲ್ಲ, ಕ್ರುಟ್ಜ್‌ಮನ್ ಒಬ್ಬರೇ. ಕೀತ್ ಗಾಡ್‌ಶೋ ಅವರ ಪಿಯಾನೋ ಬಂದಿದೆ. ಒಬ್ಬರೇ ತಾಳ ಹಿಡಿದಿರುವುದರಿಂದ ಇಡೀ ಬ್ಯಾಂಡು ಕಣ್ಣು ಮಿಟುಕಿಸುವಷ್ಟರಲ್ಲಿ ಹೊರಳಬಲ್ಲದು. ನನಗೆ ವೆನೆಟಾದ್ದೇ ಹೆಚ್ಚು ಪ್ರೀತಿ. ಫಿಲ್‌ಮೋರ್‌ನದ್ದು ಸುಂದರ, ವೆನೆಟಾದ್ದು ಧೈರ್ಯದ್ದು.

ಇಷ್ಟುದ್ದದ ನುಡಿಸಾಣಿಕೆಯಲ್ಲಿ ಮನಸ್ಸು ಅಲೆಯುವುದು ಸಹಜ. ಅದಕ್ಕೆ ನಾನು ಕಂಡುಕೊಂಡ ಉಪಾಯ, ಒಂದು ಸಲಕ್ಕೆ ಒಂದೇ ವಾದ್ಯದ ಬೆನ್ನು ಹತ್ತುವುದು. ಮೊದಲು ಫಿಲ್ ಲೆಶ್ ಅವರ ಬೇಸ್ ಗಿಟಾರ್. ಅವರು ಟ್ರಂಪೆಟ್ ನುಡಿಸುತ್ತಿದ್ದವರು, ಸಂಗೀತ ರಚನೆ ಓದಿದವರು. ಈ ಬ್ಯಾಂಡಿಗೆಂದೇ ಬೇಸ್ ಕೈಗೆತ್ತಿಕೊಂಡರು. ಹಾಗಾಗಿ ಅವರ ಬೇಸ್ ಕೆಳಗೆ ಕೂತು ತಾಳ ಕಾಯುವುದಿಲ್ಲ, ಗಾರ್ಸಿಯಾ ಜೊತೆ ಸಮಸಮಕ್ಕೆ ಮಾತಾಡುತ್ತದೆ. ಮುಂದಿನ ಸಲ ಬಾಬ್ ವೀರ್ ಅವರ ಗಿಟಾರ್. ಜಾಝ್ ಪಿಯಾನೋ ವಾದಕ ಮೆಕಾಯ್ ಟೈನರ್ ಅವರ ಎಡಗೈಯಿಂದ ಕಲಿತೆ ಎಂದು ವೀರ್ ಹೇಳಿಕೊಂಡಿದ್ದರು. ಅದು ಗೊತ್ತಾದ ಮೇಲೆ ಗಾರ್ಸಿಯಾ ಅವರ ಎಳೆಗಳ ನಡುವೆ ವೀರ್ ತುಂಡು ತುಂಡಾಗಿ ಏನು ಹಾಕುತ್ತಿದ್ದಾರೆ ಎಂಬುದು ಕಿವಿಗೆ ಸ್ಪಷ್ಟವಾಗಿ ಬೀಳತೊಡಗಿತು. ಗಾರ್ಸಿಯಾರನ್ನು ಕೊನೆಗೆ ಇಟ್ಟುಕೊಳ್ಳಿ. ಅವರ ಗಿಟಾರ್ ಹೇಗಿದ್ದರೂ ಕಿವಿಗೆ ಬೀಳುತ್ತದೆ.

ಇನ್ನೊಂದು ಅಭ್ಯಾಸ ನನಗೆ ನಮ್ಮ ಕಛೇರಿಗಳಿಂದಲೇ ಬಂದದ್ದು: ತೊಡೆಯ ಮೇಲೆ ತಾಳ ಹಾಕಿಕೊಂಡು ಕೇಳುವುದು. ‘ಎಸ್ಟಿಮೇಟೆಡ್ ಪ್ರಾಫೆಟ್’ ಏಳರ ಎಣಿಕೆಯದು, ಮಿಶ್ರ ಛಾಪು ಗೊತ್ತಿದ್ದವರ ಕೈ ತಾನಾಗಿಯೇ ಹೊಂದಿಕೊಳ್ಳುತ್ತದೆ. ‘ಪ್ಲೇಯಿಂಗ್ ಇನ್ ದ ಬ್ಯಾಂಡ್’ ಹತ್ತರದ್ದು. ‘ದಿ ಇಲೆವೆನ್’ ಹೆಸರೇ ಹೇಳುವಂತೆ ಹನ್ನೊಂದು. ಮೂರು, ಮೂರು, ಮೂರು, ಎರಡು ಎಂದು ಎಣಿಸಿ. ಇದರ ಹಿಂದೆ ನಮ್ಮ ದೇಶದ ನಂಟೂ ಇದೆ. ಮಿಕ್ಕಿ ಹಾರ್ಟ್ ತಬಲಾ ವಾದಕ ಉಸ್ತಾದ್ ಅಲ್ಲಾ ರಖಾ ಅವರಿಂದ ಲಯದ ಪಾಠ ಪಡೆದಿದ್ದರು. ಮುಂದೆ ಜಾಕಿರ್ ಹುಸೇನ್, ಘಟಂ ವಿನಾಯಕರಾಮ್ ಮೊದಲಾದವರ ಜೊತೆ 1991ರಲ್ಲಿ ‘ಪ್ಲಾನೆಟ್ ಡ್ರಮ್’ ಮಾಡಿ ಗ್ರ್ಯಾಮಿ ಪಡೆದರು. ಎಪ್ಪತ್ತರ ದಶಕದ ಕೊನೆಯಿಂದ ಪ್ರತಿ ಕಾರ್ಯಕ್ರಮದ ಎರಡನೇ ಭಾಗದಲ್ಲಿ ಉಳಿದವರೆಲ್ಲ ವೇದಿಕೆ ಬಿಟ್ಟು ಇಳಿದು, ಹಾರ್ಟ್ ಮತ್ತು ಕ್ರುಟ್ಜ್‌ಮನ್ ಇಬ್ಬರಿಗೇ ಬಿಡುವ ಘಟ್ಟವೊಂದಿದೆ. ಎಷ್ಟೋ ಅಭಿಮಾನಿಗಳು ಅದನ್ನು ಮುಂದಕ್ಕೆ ಓಡಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತನಿ ಆವರ್ತನದ ಹೊತ್ತಿಗೆ ಎದ್ದು ಹೋಗದ ರಸಿಕರು ನೀವಾದರೆ ಅದು ನಿಮಗೇ ಮೀಸಲಾದ ಭಾಗ.

ಇದೆಲ್ಲ ನಮಗೆ ಸಿಗುತ್ತಿರುವುದು ಬ್ಯಾಂಡಿನ ದೊಡ್ಡ ಮನಸ್ಸಿನಿಂದ. ಸಭಿಕರು ಮೈಕ್ ತಂದು ರೆಕಾರ್ಡ್ ಮಾಡಿಕೊಳ್ಳುವುದನ್ನು ಅವರು ತಡೆಯಲಿಲ್ಲ. 1984ರಿಂದ ಅಂಥವರಿಗೆಂದೇ ಜಾಗ ಬಿಟ್ಟುಕೊಟ್ಟರು. ಕ್ಯಾಸೆಟ್ಟುಗಳು ಕೈಯಿಂದ ಕೈಗೆ ಹೋದವು. ಮಾರಬಾರದು, ಹಂಚಿಕೊಳ್ಳಬೇಕು ಎಂಬುದೇ ನಿಯಮ. ಆ ಧ್ವನಿಮುದ್ರಣಗಳು ಈಗ ಇಂಟರ್ನೆಟ್ ಆರ್ಕೈವ್ ಜಾಲತಾಣದಲ್ಲಿ ರಾಶಿ ರಾಶಿ ಇವೆ. ಒಂದೇ ರಾತ್ರಿಗೆ ಹಲವು ಪ್ರತಿ ಕಂಡರೆ ಗಾಬರಿಯಾಗಬೇಡಿ. ಸೌಂಡ್‌ಬೋರ್ಡ್ ಎಂದಿದ್ದರೆ ವೇದಿಕೆಯ ಮಿಕ್ಸರ್‌ನಿಂದ ನೇರ ತೆಗೆದದ್ದು, ವಾದ್ಯಗಳು ಬಿಡಿಬಿಡಿಯಾಗಿ ಕೇಳುತ್ತವೆ. ಕಲಿಯಲು ಅದೇ ಸರಿ. ಆಮೇಲೆ ಸಭಿಕರು ಮುದ್ರಿಸಿದ್ದನ್ನೂ ಕೇಳಿ. ಒಂದು ಹಾಡಿನ ಎತ್ತುಗಡೆ ಗುರುತು ಸಿಕ್ಕ ಕೂಡಲೇ ಜನ ಹೋ ಎನ್ನುವುದು ಅದರಲ್ಲಿ ಮಾತ್ರ ಸಿಗುತ್ತದೆ.

ಹಾಡುಪಟ್ಟಿಯಲ್ಲಿ ಎರಡು ಹಾಡುಗಳ ನಡುವೆ ಬಾಣದ ಗುರುತಿದ್ದರೆ ನಿಲ್ಲಿಸದೆ ಒಂದರಿಂದ ಇನ್ನೊಂದಕ್ಕೆ ಹೋದರು ಎಂದರ್ಥ. ಅಂಥ ಜಾಗಗಳನ್ನು ಹುಡುಕಿಕೊಂಡು ಹೋಗುವುದು ನನ್ನ ಈಗಿನ ಹುಚ್ಚು. 1977ರ ಮೇ 8, ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್. ಬೆಟ್ಟಿ ಕ್ಯಾಂಟರ್-ಜಾಕ್ಸನ್ ಮಾಡಿದ ಧ್ವನಿಮುದ್ರಣ ಅಷ್ಟು ನಿಚ್ಚಳವಾಗಿದೆ. ‘ಸ್ಕಾರ್ಲೆಟ್ ಬಿಗೋನಿಯಾಸ್’ ಎಲ್ಲಿ ಮುಗಿಯಿತು, ‘ಫೈರ್ ಆನ್ ದ ಮೌಂಟನ್’ ಎಲ್ಲಿ ಹುಟ್ಟಿತು ಎಂದು ಗೆರೆ ಎಳೆಯಲು ಕೂತೆ. ಪ್ರತಿ ಸಲವೂ ಗೆರೆ ಬೇರೆ ಕಡೆ ಬೀಳುತ್ತದೆ.

ಕಂಠದ ವಿಚಾರ ಹೇಳಿಬಿಡುತ್ತೇನೆ. ಗಾರ್ಸಿಯಾ ಅವರದು ಸಣ್ಣ, ನಡುಗುವ ದನಿ. ಕೊನೆಯ ವರ್ಷಗಳಲ್ಲಿ ಇನ್ನೂ ಸವೆದಿತ್ತು. ಹಾಡುಗಾರಿಕೆಯೇ ಮುಖ್ಯ ಎನ್ನುವ ಗೆಳೆಯರಿಗೆ ನಾನು 1970ರ ‘ಅಮೆರಿಕನ್ ಬ್ಯೂಟಿ’ ಕೊಡುತ್ತೇನೆ. ರಾಬರ್ಟ್ ಹಂಟರ್ ಬರೆದ ಸಾಲುಗಳು ಅಲ್ಲಿ ಚೆನ್ನಾಗಿ ಕೇಳುತ್ತವೆ. ಜಾಝ್ ಇಷ್ಟಪಡುವವರಿಗಾದರೆ 1990ರ ಮಾರ್ಚ್ 29, ನ್ಯೂಯಾರ್ಕ್ ರಾಜ್ಯದ ನಸಾವ್ ಕೊಲಿಸಿಯಂ. ಸ್ಯಾಕ್ಸೊಫೋನ್ ವಾದಕ ಬ್ರ್ಯಾನ್‌ಫರ್ಡ್ ಮಾರ್ಸಾಲಿಸ್ ಅಂದು ಅವರೊಡನೆ ವೇದಿಕೆ ಏರಿದ್ದರು. ‘ಐಸ್ ಆಫ್ ದ ವರ್ಲ್ಡ್’ ಹಾಕಿ, ಗಾರ್ಸಿಯಾ ಎಲ್ಲೆಲ್ಲಿ ಹಿಂದೆ ಸರಿದು ಅತಿಥಿಗೆ ದಾರಿ ಬಿಡುತ್ತಾರೆ ಎಂಬುದನ್ನಷ್ಟೇ ಗಮನಿಸುತ್ತಾ ಹೋಗಿ.