ಗ್ಯಾಸ್ ಟ್ಯಾಂಕರ್ ಮಗುಚಿದಲ್ಲಿ ಮೊದಲು ತಲುಪುವ ಪೊಲೀಸರು ಮಾಡಬೇಕಾದ್ದು

ಕಾಸರಗೋಡಿನಲ್ಲಿ ಹೆದ್ದಾರಿ 66ರ ಮೇಲೆ ಅಡುಗೆ ಅನಿಲದ ಟ್ಯಾಂಕರ್ ಮಗುಚಿದೆ ಎಂದು ಕರೆ ಬಂದರೆ ಜೀಪನ್ನು ನೇರ ಅದರ ಬಳಿಗೆ ಒಯ್ಯಬೇಡಿ. ತೆಂಗಿನ ಗರಿ ಯಾವ ಕಡೆ ಬಾಗುತ್ತಿದೆ ನೋಡಿ, ಗಾಳಿ ಬರುವ ದಿಕ್ಕಿನಿಂದ ಬಂದು ದೂರದಲ್ಲೇ ನಿಲ್ಲಿಸಿ. ಟ್ಯಾಂಕಿನ ಫಲಕದಲ್ಲಿ 1075 ಎಂದಿದ್ದರೆ ಅದು ಎಲ್‌ಪಿಜಿ. ಅಗ್ನಿಶಾಮಕ ದಳಕ್ಕೆ ಮೊದಲು ಹೇಳಬೇಕಾದ್ದು ಇದನ್ನೇ.

ಈ ಅನಿಲ ಗಾಳಿಗಿಂತ ಭಾರ. ಬಿಳಿ ಮಂಜಿನ ಹಾಗೆ ನೆಲಕ್ಕಂಟಿ ಹರಿದು ಚರಂಡಿ, ತಗ್ಗಿನ ತೋಟಗಳಲ್ಲಿ ತುಂಬಿಕೊಳ್ಳುತ್ತದೆ. ಮಂಜು ಮುಗಿದ ಕಡೆ ಅನಿಲವೂ ಮುಗಿಯಿತು ಅಂದುಕೊಳ್ಳುವುದೇ ದೊಡ್ಡ ತಪ್ಪು. ಕಣ್ಣಿಗೆ ಕಾಣದೆ ಅದು ಇನ್ನೂ ಮುಂದೆ ಹರಡಿರುತ್ತದೆ.

ಸೋರಿಕೆ ಭಾರಿಯಾಗಿದ್ದರೆ ಗಾಳಿ ಹೋಗುವ ಕಡೆ ಕನಿಷ್ಠ 800 ಮೀಟರ್, ಟ್ಯಾಂಕಿಗೇ ಬೆಂಕಿ ತಗುಲಿದ್ದರೆ ಸುತ್ತಲೂ 1600 ಮೀಟರ್ ಜನರನ್ನು ತೆರವು ಮಾಡಿ. ಮೈಕಿನಲ್ಲಿ ಮಲಯಾಳ, ಕನ್ನಡ, ತುಳು ಮೂರರಲ್ಲೂ ಹೇಳಿ: ಒಲೆ ಹಚ್ಚಬೇಡಿ, ಸ್ವಿಚ್ ಮುಟ್ಟಬೇಡಿ, ಗಾಡಿ ಸ್ಟಾರ್ಟ್ ಮಾಡಬೇಡಿ, ನಡೆದೇ ಹೊರಡಿ. ವಿದ್ಯುತ್ತನ್ನು ದೂರದ ಸಬ್‌ಸ್ಟೇಷನ್ನಿನಿಂದಲೇ ಕಡಿತಗೊಳಿಸಬೇಕು. 2012ರಲ್ಲಿ ಕಣ್ಣೂರಿನ ಚಾಲದಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿದಾಗ ಬೆಂಕಿ ಅಕ್ಕಪಕ್ಕದ ಮನೆಗಳಿಗೂ ಹಬ್ಬಿತ್ತು.

ಅಗ್ನಿಶಾಮಕ ವಾಹನಕ್ಕೆ ಒಂದು ದಾರಿ ಖಾಲಿ ಇರಲಿ. ತೆರವು ಮಾಡಿದ ಜಾಗದೊಳಗೆ ಹೋದವರ ಹೆಸರು, ಹೊತ್ತು ಬರೆಯಲು ಒಬ್ಬರನ್ನೇ ನೇಮಿಸಿ.