ಮುಟ್ಟದ ಫೈಲುಗಳಲ್ಲಿ ಮರ್ಜ್‌ಇನ್ಫೋ ಬದಲಾದಾಗ

ನಮ್ಮ ಪ್ರಾಜೆಕ್ಟ್ ಇನ್ನೂ ಸಬ್‌ವರ್ಷನ್‌ನಲ್ಲೇ (ಕೋಡಿನ ಬದಲಾವಣೆಗಳ ದಾಖಲೆ ಇಡುವ ಸಾಫ್ಟ್‌ವೇರ್) ಇದೆ. ರಿಲೀಸ್ ಬ್ರಾಂಚಿನ (ಬಿಡುಗಡೆಗೆಂದು ಬೇರೆ ಇಟ್ಟ ಕೋಡಿನ ಪ್ರತಿ) ಒಂದು ಫಿಕ್ಸನ್ನು ಬಿಲ್ಡ್ ಮಷೀನಿನಲ್ಲಿ ಟ್ರಂಕಿಗೆ, ಅಂದರೆ ಮುಖ್ಯ ಕೋಡಿಗೆ, ಮರ್ಜ್ ಮಾಡಿ (ಸೇರಿಸಿ), ಏನೇನು ಬದಲಾಗಿದೆ ಅಂತ ತೋರಿಸುವ ಸ್ಟೇಟಸ್ ನೋಡಿದೆ. ಬದಲಾಗಬೇಕಿದ್ದದ್ದು ಎರಡೇ ಫೈಲು. ಆದರೆ ಪರದೆ ತುಂಬಾ ಹೆಸರುಗಳು ಬಂದವು.

ಇಂಥ ಹೊತ್ತಲ್ಲಿ ಮೊದಲು ನೋಡಬೇಕಾದ್ದು 'ಎಂ' (ಬದಲಾಗಿದೆ ಅನ್ನುವ ಗುರುತು) ಯಾವ ಕಾಲಂನಲ್ಲಿದೆ ಅಂತ. ಮೊದಲನೇ ಕಾಲಂನಲ್ಲಿದ್ದರೆ ಫೈಲಿನ ಒಳಗಿನ ಕೋಡ್ ಬದಲಾಗಿದೆ. ಎರಡನೆಯದರಲ್ಲಿದ್ದರೆ ಬದಲಾಗಿದ್ದು ಪ್ರಾಪರ್ಟಿ, ಅಂದರೆ ಫೈಲಿಗೆ ಅಂಟಿಸಿದ ಹೆಚ್ಚುವರಿ ಮಾಹಿತಿ. ಆ ಎರಡು ಫೈಲು ಬಿಟ್ಟು ನನಗೆ ಬಂದಿದ್ದೆಲ್ಲ ಎರಡನೇ ಕಾಲಂನಲ್ಲಿತ್ತು. ಅವುಗಳ ಡಿಫ್ (ಬದಲಾದ ಸಾಲುಗಳನ್ನು ತೋರಿಸುವ ಕಮಾಂಡ್) ಹಾಕಿದರೆ ಕೋಡ್ ಒಂದು ಸಾಲೂ ಇಲ್ಲ, ಬರೀ ಮರ್ಜ್‌ಇನ್ಫೋ.

2008ರಲ್ಲಿ ಬಂದ 1.5ರಿಂದ ಸಬ್‌ವರ್ಷನ್ ಎಲ್ಲಿಂದ ಯಾವ ರಿವಿಷನ್ (ನಂಬರ್ ಇರುವ ಒಂದೊಂದು ಕಮಿಟ್) ಮರ್ಜ್ ಆಗಿದೆ ಅನ್ನೋದನ್ನು ಈ ಪ್ರಾಪರ್ಟಿಯಲ್ಲಿ ಬರೆದಿಡುತ್ತದೆ. ಅದು ಬ್ರಾಂಚಿನ ರೂಟಿನಲ್ಲಿ (ಎಲ್ಲಕ್ಕಿಂತ ಮೇಲಿನ ಫೋಲ್ಡರಿನಲ್ಲಿ) ಮಾತ್ರ ಇದ್ದರೆ ಸಾಕು, ಒಳಗಿನ ಫೈಲುಗಳಿಗೆ ತಾನಾಗಿಯೇ ಅನ್ವಯಿಸುತ್ತದೆ. ಯಾರಾದರೂ ಒಂದೇ ಫೈಲಿಗೆ ನೇರವಾಗಿ ಮರ್ಜ್ ಮಾಡಿದರೆ ಆ ಫೈಲಿಗೆ ಬೇರೆಯೇ ಲೆಕ್ಕ ಶುರುವಾಗುತ್ತದೆ. ಆಮೇಲೆ ಅದು ರೂಟನ್ನು ಕೇಳುವುದಿಲ್ಲ. 1.6ರ ತನಕ ಪ್ರತಿ ಮರ್ಜ್‌ನಲ್ಲೂ ಇಂಥ ಫೈಲುಗಳ ಲೆಕ್ಕವನ್ನೆಲ್ಲ ಮತ್ತೆ ಬರೆಯುತ್ತಿತ್ತು. 1.7ರಿಂದ, ಮರ್ಜ್ ಮುಟ್ಟದ ಫೈಲುಗಳನ್ನು ಹಾಗೇ ಬಿಡುತ್ತದೆ. ಬಿಲ್ಡ್ ಮಷೀನಿನಲ್ಲಿದ್ದದ್ದು 1.6.

ಅಲ್ಲಿನದನ್ನು ರಿವರ್ಟ್ ಮಾಡಿ (ರದ್ದುಮಾಡಿ), ಹೊಸ ಸಬ್‌ವರ್ಷನ್ ಕ್ಲೈಂಟ್ ಇದ್ದ ನನ್ನ ಮಷೀನಿನಲ್ಲಿ ಹೊಸದಾಗಿ ಚೆಕ್‌ಔಟ್ ಮಾಡಿಕೊಂಡೆ, ಅಂದರೆ ಕೋಡಿನ ಪ್ರತಿ ಇಳಿಸಿಕೊಂಡೆ. ಆದರೆ ಅಷ್ಟಕ್ಕೆ ಬಿಡಲು ಮನಸ್ಸಾಗಲಿಲ್ಲ. ರಿಕರ್ಸಿವ್ ಪ್ರಾಪ್‌ಗೆಟ್ (ಒಳಗಿನ ಎಲ್ಲ ಫೈಲುಗಳ ಪ್ರಾಪರ್ಟಿ ತೋರಿಸುವ ಕಮಾಂಡ್) ಹಾಕಿ, ಮರ್ಜ್‌ಇನ್ಫೋ ಇರುವ ಫೈಲುಗಳ ಪಟ್ಟಿ ತೆಗೆದು, ಒಂದೊಂದನ್ನೂ ರೂಟಿನ ಜೊತೆ ಹೋಲಿಸಿದೆ. ಬಹಳಷ್ಟರಲ್ಲಿ ಇದ್ದ ರಿವಿಷನ್‌ಗಳು ರೂಟಿನಲ್ಲೂ ಇದ್ದವು; ರೂಟಿನಲ್ಲಿದ್ದು ಆ ಫೈಲುಗಳನ್ನು ಬದಲಿಸಿದ ರಿವಿಷನ್‌ಗಳೆಲ್ಲ ಅವುಗಳಲ್ಲೂ ಇದ್ದವು. ಅವುಗಳ ಮರ್ಜ್‌ಇನ್ಫೋವನ್ನು ಪ್ರಾಪ್‌ಡೆಲ್ ಮಾಡಿದರೆ, ಅಂದರೆ ಅಳಿಸಿದರೆ, ತೊಂದರೆಯಿಲ್ಲ.

ಒಂದು ಫೈಲಿನಲ್ಲಿ ಮಾತ್ರ ರೂಟಿನಲ್ಲಿಲ್ಲದ ಒಂದು ರಿವಿಷನ್ ಇತ್ತು. ಯಾವಾಗಲೋ ಅರ್ಜೆಂಟಿಗೆ ಆ ಫೈಲಿಗಷ್ಟೇ ಮರ್ಜ್ ಮಾಡಿದ್ದಾರೆ. ಇದನ್ನೂ ಸುಮ್ನೆ ಅಳಿಸಿದ್ದರೆ ಮುಂದಿನ ಮರ್ಜ್‌ನಲ್ಲಿ ಅದೇ ಬದಲಾವಣೆ ಮತ್ತೆ ಬಂದು ಕಾನ್‌ಫ್ಲಿಕ್ಟ್ ಆಗಬಹುದಿತ್ತು. ಹಾಗಾದ್ರೆ ರೂಟಿನಲ್ಲಿ 'ರೆಕಾರ್ಡ್ ಓನ್ಲಿ' ಮರ್ಜ್ (ಕೋಡ್ ಮುಟ್ಟದೆ ಲೆಕ್ಕ ಮಾತ್ರ ಬರೆಯುವುದು) ಮಾಡಿ ಆ ನಂಬರ್ ಸೇರಿಸಿಬಿಡಬಹುದಲ್ವಾ? ಅದು ಇನ್ನೂ ಅಪಾಯ. ಆ ರಿವಿಷನ್ನಿನ ವರ್ಬೋಸ್ ಲಾಗ್ (ಬದಲಾದ ಫೈಲುಗಳ ಹೆಸರೂ ಇರುವ ದಾಖಲೆ) ತೆಗೆದರೆ ಅದು ಎರಡು ಫೈಲುಗಳನ್ನು ಬದಲಿಸಿತ್ತು. ಎರಡನೆಯದು ಟ್ರಂಕಿಗೆ ಬಂದೇ ಇರಲಿಲ್ಲ. ರೂಟಿನಲ್ಲಿ ನಂಬರ್ ಬರೆದಿದ್ದರೆ ಸಬ್‌ವರ್ಷನ್ ಅದೂ ಬಂದಿದೆ ಅಂದುಕೊಳ್ಳುತ್ತಿತ್ತು. ಕೋಡ್ ಬಿಟ್ಟುಹೋಗಿದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅದಕ್ಕೇ ಆ ರಿವಿಷನ್ನನ್ನು ರೂಟಿನಲ್ಲಿ ನಿಜವಾಗಿಯೇ ಮರ್ಜ್ ಮಾಡಿದೆ. ಮೊದಲ ಫೈಲಿನಲ್ಲಿ ಲೆಕ್ಕ ಇದ್ದದ್ದರಿಂದ ಅದನ್ನು ಬಿಟ್ಟು, ಎರಡನೆಯದನ್ನಷ್ಟೇ ಬದಲಿಸಿತು. ಅದನ್ನು ಟೆಸ್ಟ್ ಮಾಡಿ ಕಮಿಟ್ ಮಾಡಿದ ಮೇಲೆಯೇ ಫೈಲುಗಳ ಮೇಲಿನ ಮರ್ಜ್‌ಇನ್ಫೋ ಅಳಿಸಿದೆ. ಅಳಿಸುವ ಮುಂಚೆ, ಅಳಿಸಿ ಕಮಿಟ್ ಮಾಡಿದ ಮೇಲೆ, ಎರಡು ಸಲವೂ ಇನ್ನೂ ಮರ್ಜ್ ಆಗಬೇಕಿರುವ ರಿವಿಷನ್‌ಗಳ ಪಟ್ಟಿ ತೆಗೆದು ನೋಡಿದೆ. ಎರಡೂ ಒಂದೇ ಇದ್ದವು.

ಮರ್ಜ್‌ಇನ್ಫೋದಲ್ಲಿ ರಿವಿಷನ್ ನಂಬರಿನ ಕೊನೆಗೆ ನಕ್ಷತ್ರದ ಗುರುತು (*) ಕಂಡರೆ ಮಾತ್ರ ಜಾಸ್ತಿ ಹುಷಾರಾಗಿರಿ. ಆ ಮರ್ಜ್ ಒಳಗಿನ ಫೈಲು, ಫೋಲ್ಡರುಗಳಿಗೆ ಅನ್ವಯಿಸುವುದಿಲ್ಲ ಅಂತ ಅದರ ಅರ್ಥ. ಡೆಪ್ತ್ ಕಡಿಮೆ ಮಾಡಿ (ಒಳಗಿನದನ್ನೆಲ್ಲ ತರದೆ) ಚೆಕ್‌ಔಟ್ ಮಾಡಿದ ಕಾಪಿಯಲ್ಲಿ ಮರ್ಜ್ ಮಾಡಿದಾಗ ಇದು ಬರುತ್ತದೆ. ಪೂರ್ತಿ ಚೆಕ್‌ಔಟ್ ತೆಗೆದು ಅದೇ ರೇಂಜನ್ನು ರೂಟಿನಿಂದ ಮತ್ತೆ ಮರ್ಜ್ ಮಾಡಿ.