ಎಲೆಯಿಲ್ಲದೆ ಪೋಕರ್ ಆಡುವುದು ಹೇಗೆ: ಬರ್ಟ್ ವಿಲಿಯಮ್ಸ್ ಕೈ ನೋಡಿ ಕಲಿತದ್ದು

ಮೂಕಾಭಿನಯ ಕಲಿಸಿ ಅಂತ ಯಾರಾದರೂ ಬಂದರೆ, ನಾನು ಮೊದಲು ತೋರಿಸುವುದು 1916ರ ಒಂದು ಮೂಕಿಚಿತ್ರದ ಕೊನೆಯ ಭಾಗ. ಹೆಸರು 'ಎ ನ್ಯಾಚುರಲ್ ಬಾರ್ನ್ ಗ್ಯಾಂಬ್ಲರ್'. ಜೂಜಾಡಿ ಜೈಲು ಸೇರಿದವನೊಬ್ಬ ಸುಮ್ನೆ ಕೂತು ಪೋಕರ್ (ಹಣ ಕಟ್ಟಿ ಆಡುವ ಇಸ್ಪೀಟ್ ಆಟ) ಆಡುತ್ತಾನೆ. ಎಲೆ ಇಲ್ಲ, ಎದುರಿಗೆ ಜನ ಇಲ್ಲ. ಆಡುವವರು ಬರ್ಟ್ ವಿಲಿಯಮ್ಸ್. 1874ರಲ್ಲಿ ಬಹಾಮಾಸ್‌ನ ನಾಸೋದಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಬಂದವರು. ಜೊತೆಗಾರ ನಟ ಜಾರ್ಜ್ ವಾಕರ್ ಜೊತೆ 1903ರಲ್ಲಿ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಬ್ರಾಡ್‌ವೇ ಏರಿದರು, 1910ರಲ್ಲಿ 'ಝೀಗ್‌ಫೆಲ್ಡ್ ಫಾಲೀಸ್' ಎಂಬ ಹಾಡು-ಕುಣಿತ-ಹಾಸ್ಯದ ಪ್ರದರ್ಶನ ಸೇರಿದರು. ಕಪ್ಪು ಜನಾಂಗದವರಾದ ಅವರೇ ಮುಖಕ್ಕೆ ಮತ್ತೆ ಕಪ್ಪು ಬಳಿದುಕೊಂಡು ಆಡಬೇಕಿತ್ತು. ಎಂಥ ಅನ್ಯಾಯ ಅಲ್ವಾ? ಅದನ್ನು ಬಿಡಿ, ಕೈ ಮತ್ತು ಕಣ್ಣನ್ನು ಮಾತ್ರ ನೋಡಿ.

ಮೊದಲು ನಿಜವಾದ ಇಸ್ಪೀಟ್ ಎಲೆ ಹಿಡಿದು ಅಭ್ಯಾಸ ಮಾಡಿ. ಐದೆಲೆ ಬೀಸಣಿಗೆಯಂತೆ ಹಿಡಿದು, ಹೆಬ್ಬೆರಳಿಗೂ ತೋರುಬೆರಳಿಗೂ ಎಷ್ಟು ಜಾಗ ಇದೆ ನೋಡಿಕೊಳ್ಳಿ. ಈಗ ಎಲೆ ತೆಗೆದುಬಿಡಿ, ಬೆರಳು ಅಲ್ಲೇ ಇರಲಿ. ಒಂದು ಸಲ ಆಟದ ಮಧ್ಯೆ ನನ್ನ ಮೂಗು ತುರಿಸಿತು. ಎಲೆ ಹಿಡಿದ ಕೈಯಲ್ಲೇ ಕೆರೆದುಕೊಂಡೆ. ಮುಂದಿನ ಸಾಲಿನ ಹುಡುಗ ಜೋರಾಗಿ ಕೂಗಿದ: "ಅಂಕಲ್, ಎಲೆ ಬಿತ್ತು!"

ಎದುರಾಳಿಗಳು ಮೂರು ಜನ ಸಾಕು. ಮೂರು ಕುರ್ಚಿ ಇಟ್ಟು, ಒಬ್ಬ ಕುಳ್ಳ, ಒಬ್ಬ ಉದ್ದ ಅಂತ ಮನಸ್ಸಲ್ಲೇ ಗೊತ್ತುಮಾಡಿಕೊಳ್ಳಿ. ಉದ್ದದವನನ್ನು ನೋಡುವಾಗ ಪ್ರತಿ ಸಲವೂ ಕಣ್ಣು ಅಷ್ಟೇ ಎತ್ತರಕ್ಕೆ ಹೋಗಬೇಕು. ಎಲೆ ಹಂಚುವುದು, ಬೇಡದ್ದನ್ನು ಎಸೆಯುವುದು ಬೇಗ ಬಂದುಬಿಡುತ್ತದೆ.

ಕಷ್ಟ ಇರುವುದು ಸೋಲಿನಲ್ಲಿ. ಹೊಸಬರು ಸೋತ ತಕ್ಷಣ ಮುಖ ಸಣ್ಣ ಮಾಡುತ್ತಾರೆ. ಹಾಗೆ ಮಾಡಬೇಡಿ. ಒಳ್ಳೆಯ ಎಲೆ ಬಂದಾಗ ನಗು ಬರುತ್ತದೆ, ಅದನ್ನು ಅದುಮಿ. ತುಟಿ ಬಿಗಿಯಿರಿ, ಹುಬ್ಬು ಮಾತ್ರ ಒಂದು ಚೂರು ಏರಲಿ. ಇರುವ ಹಣವನ್ನೆಲ್ಲ ಮುಂದೆ ತಳ್ಳಿ. ಎದುರಿನವನು ಎಲೆ ತೋರಿಸಿದ ಮೇಲೆ, ಮನಸ್ಸಲ್ಲಿ ಮೂರು ಎಣಿಸುವವರೆಗೆ ಏನೂ ಮಾಡಬೇಡಿ. ಅವನು ಹಣ ಬಾಚಿಕೊಳ್ಳುತ್ತಾನೆ, ನಿಮ್ಮ ಕಣ್ಣು ಆ ಹಣದ ಹಿಂದೆಯೇ ಹೋಗಲಿ. ಆಮೇಲೆ ಭುಜ ಇಳಿಯಲಿ. ಜನ ನಗುವುದು ಈ ಮೂರೆಣಿಕೆಯ ಒಳಗೇ.

ದೀಪ ಜಾಸ್ತಿ ಬೇಡ. ತಲೆ, ಭುಜ, ಕೈ ಕಂಡರೆ ಸಾಕು.

ಆಟ ಮುಗಿದ ಮೇಲೆ ಎಲೆ ಕೆಳಗಿಡುವುದನ್ನು ಮರೆಯಬೇಡಿ. ನಾನು ಈಗಲೂ ಮರೆಯುತ್ತೇನೆ. ಚಪ್ಪಾಳೆ ಬಿದ್ದಾಗ ಐದೆಲೆ ಹಿಡಿದುಕೊಂಡೇ ಕೈಮುಗಿದಿರುತ್ತೇನೆ.